ಹೊಟ್ಟೆ ಬಿಚ್ಚಿದ ಕೌದಿ

ನಮ್ಮ ಹಕ್ಕಿಕೆರೆಯ ಗೇಟಿನ ಮುಂದೆ ಪೆಂಗ್ವಿನ್ ಮಾರುತ್ತಾರೆ. ಸುಳ್ಳಲ್ಲ, ಬಂದು ನೋಡಿ. ಹಗರಿಬೊಮ್ಮನಹಳ್ಳಿಯಲ್ಲಿ ಆಟೋ ಹತ್ತಿ ಕೆರೆಯ ಹತ್ತಿರ ಇಳಿದರೆ ಎಡಗಡೆ ಮೊದಲನೇ ಅಂಗಡಿ ಯರ್ರಿಸ್ವಾಮಿಯದು. ಕೆರೆಯ ಜಾಲಿಗಿಡಗಳ ಮೇಲೆ ಬಣ್ಣದ ಕೊಕ್ಕರೆಗಳು ಮರಿ ಮಾಡಿಕೊಂಡು ಕೂತಿದ್ದರೆ, ಇವನ ಅಂಗಡಿಯಲ್ಲಿ ಪ್ಲಾಸ್ಟಿಕ್ ಪೆಂಗ್ವಿನ್, ಗಾಜಿನ ಹಂಸ, ಗೋವಾದ ಹೆಸರು ಬರೆದ ಟೋಪಿ, ಚಪ್ಪಾಳೆ ತಟ್ಟಿದರೆ ಕಿರಿಚುವ ಗಿಳಿ. "ಏನಲೇ ಯರ್ರಿಸ್ವಾಮಿ, ಈ ಹಕ್ಕಿ ನಮ್ಮ ಕೆರಿಗೆ ಯಾವಾಗ ಬಂದಿತ್ತು?" ಎಂದು ಕೇಳಿದರೆ, "ಅಕ್ಕಾ, ಹಕ್ಕಿ ಬರದಿದ್ರ ಬಿಡು, ಗಿರಾಕಿ ಬರ್ತಾರಲ್ಲ" ಎಂದು ಹಲ್ಲು ಕಿರಿಯುತ್ತಾನೆ. ಅವನ ಮಾಲೆಲ್ಲ ಎಲ್ಲಿಂದಲೋ ಬರುತ್ತದೆ. ಡಬ್ಬದ ಮೇಲಿನ ಅಕ್ಷರ ನನಗೂ ಓದಲು ಬರುವುದಿಲ್ಲ, ಅವನಿಗೂ ಬರುವುದಿಲ್ಲ.

ನಾನು ನಾಗಲಿಂಗಮ್ಮ. ಸಂಶಯದ ಹೆಂಗಸು ಎಂದು ನನ್ನ ಬಗ್ಗೆ ಮಾತಾಡುತ್ತಾರೆ. ಆಡಲಿ. ತರಕಾರಿಯವನ ತಕ್ಕಡಿಯ ಕೆಳಗೆ ಕೈಯಾಡಿಸಿ ನೋಡುವವಳು ನಾನು, ಹಾಲಿನವನ ಎದುರೇ ಹಾಲನ್ನು ನೆಲಕ್ಕೆ ಒಂದು ಹನಿ ಬಿಟ್ಟು ನೋಡುವವಳು. "ನೀ ಸ್ವರ್ಗಕ್ಕ ಹೋದ್ರೂ ಬಾಗಿಲು ಬಡಿದು, ಇದು ಅಸಲಿ ಐತೇನು ಅಂತ ಕೇಳ್ತಿ" ಎನ್ನುತ್ತಿದ್ದರು ನನ್ನ ಯಜಮಾನರು, ಬದುಕಿದ್ದಾಗ. ಕೇಳಬಾರದೇನು? ಕೇಳದೆ ಒಳಗೆ ಹೋಗಿ ಕೂತುಬಿಡುವುದೇ?

ಹೋದ ವರ್ಷ ಅರಣ್ಯ ಇಲಾಖೆಯವರು ಗೇಟಿನ ಒಳಗೆ ಒಂದು ಮಳಿಗೆ ಕಟ್ಟಿಸಿ ನಮ್ಮ ಮಹಿಳಾ ಸಂಘಕ್ಕೆ ಕೊಟ್ಟರು. ಷರತ್ತು ಒಂದೇ. ಅಲ್ಲಿ ಮಾರುವುದೆಲ್ಲ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ನಮ್ಮ ಹಗರಿಬೊಮ್ಮನಹಳ್ಳಿ ಈ ಸುತ್ತಿನವರ ಕೈಯಲ್ಲೇ ತಯಾರಾಗಿರಬೇಕು. ಹೊರಗಿನ ಒಂದೇ ಒಂದು ವಸ್ತು ಸಿಕ್ಕರೂ ಮಳಿಗೆ ಟೆಂಡರಿಗೆ. ಟೆಂಡರಾದರೆ ಯಾರ ಪಾಲಾಗುತ್ತದೆ ಎಂಬುದು ಯರ್ರಿಸ್ವಾಮಿಯ ಮುಖ ನೋಡಿದರೇ ತಿಳಿಯುತ್ತಿತ್ತು. ಯಜಮಾನರು ಹೋದ ಮೇಲೆ ಮೈದುನನ ಮನೆಯಲ್ಲಿ ಮೂಲೆ ಹಿಡಿದಿದ್ದವಳು ನಾನು. ಸಂಘದ ಅಧ್ಯಕ್ಷೆಯಾಗಿ, ಆ ಮಳಿಗೆಯ ಬಾಗಿಲು ತೆಗೆಯುವವಳಾದ ಮೇಲೆ ಮನೆಯಲ್ಲಿ ನನ್ನ ಮಾತಿಗೆ ಒಬ್ಬರಾದರೂ ತಲೆಯೆತ್ತಿ ನೋಡತೊಡಗಿದ್ದರು. ಅದನ್ನು ಬಿಟ್ಟುಕೊಡಲು ನಾನು ಸುತರಾಂ ತಯಾರಿರಲಿಲ್ಲ.

ಆದರೆ ನಮ್ಮಲ್ಲೇ ತಯಾರಾದದ್ದು ಎಂದು ತಂದಿಡಲು ಏನಿದೆ ಹೇಳಿ! ಕೂಡ್ಲಿಗಿ ಕಡೆ ಕಂಬಳಿ ನೇಯುವವರ ಮನೆಗೆ ಹೋದರೆ ಮಗ್ಗದ ಮೇಲೆ ಬಟ್ಟೆ ಒಣಹಾಕಿದ್ದರು. ಹಡಗಲಿಯಲ್ಲಿ ಬುಟ್ಟಿ ಹೆಣೆಯುವವರನ್ನು ಕೇಳಿದರೆ ಪ್ಲಾಸ್ಟಿಕ್ ಬುಟ್ಟಿ ಮುಂದಿಟ್ಟು, "ಇವನ್ನ ಒಯ್ರಿ, ಬಾಳಿಕಿ ಬರ್ತಾವ" ಎಂದರು. ಕೊಟ್ಟೂರಿನಿಂದ ವಿಭೂತಿ ಗಟ್ಟಿ ತಂದಿಟ್ಟೆ. ಪ್ರವಾಸಕ್ಕೆ ಬಂದ ಮಕ್ಕಳು ಅದನ್ನು ಸೀಮೆಸುಣ್ಣ ಎಂದುಕೊಂಡು ಹೊಸ ಗೋಡೆಯ ಮೇಲೆಲ್ಲ ಗೀಚಿ ಹೋದವು. ಕೊನೆಗೆ ಉಳಿದದ್ದು ಎರಡೇ ಮಾಲು. ಒಂದು, ನಮ್ಮ ಓಣಿಯ ಸುಕನ್ಯಾ ತರುವ ಕನ್ನಡಿ ಹಚ್ಚಿದ ಚೀಲ. ಇನ್ನೊಂದು, ಹಂಪಸಾಗರದ ತಬಸ್ಸುಮ್ ತರುವ ಕೌದಿ.

ತಬಸ್ಸುಮ್ ಕೌದಿ ಹಾಸಿಗೆಯಗಲದ್ದಲ್ಲ, ಕುರ್ಚಿಯ ಮೇಲೆ ಹಾಸುವಷ್ಟು ಸಣ್ಣದು. ಹಳೇ ಸೀರೆ, ಹಳೇ ಲುಂಗಿಯ ತುಂಡುಗಳನ್ನು ಪದರ ಪದರವಾಗಿ ಸೇರಿಸಿ, ಮೇಲೆ ಒಂದು ಕೊಕ್ಕರೆ ಕತ್ತರಿಸಿ ಹಚ್ಚುತ್ತಿದ್ದಳು. ಬಂದವರು ಪೆಂಗ್ವಿನ್ ಬಿಟ್ಟು ಇದನ್ನು ಎತ್ತಿಕೊಳ್ಳುತ್ತಿದ್ದರು. ಯರ್ರಿಸ್ವಾಮಿ ತನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನಮ್ಮ ಕಡೆಯೇ ನೋಡುತ್ತಿದ್ದ. ನನಗೋ, ಹಬ್ಬದೂಟ ಉಂಡಷ್ಟು ಖುಷಿ.

ಆ ಖುಷಿ ಚಳಿಗಾಲದ ಹೊತ್ತಿಗೆ ಕೆಟ್ಟಿತು. ಹಕ್ಕಿ ಹೆಚ್ಚಾದವು, ಜನ ಹೆಚ್ಚಾದರು, ತಬಸ್ಸುಮ್ ತರುವ ಗಂಟೂ ದೊಡ್ಡದಾಯಿತು. ಮೊದಲು ಕಂಕುಳಲ್ಲಿ ಹಿಡಿದು ಬರುತ್ತಿದ್ದವಳು ಈಗ ತಲೆಯ ಮೇಲೆ ಹೊತ್ತು ಬಸ್ಸಿಳಿಯುತ್ತಿದ್ದಳು. ಒಬ್ಬ ಹೆಂಗಸು, ಮನೆಗೆಲಸ, ಮಕ್ಕಳು. ಇಷ್ಟೆಲ್ಲ ಯಾವಾಗ ಹೊಲಿಯುತ್ತಾಳೆ? ಬಟ್ಟೆಯೂ ಬದಲಾಗಿತ್ತು. ಹಳೇ ಸೀರೆಯ ಜಾಗದಲ್ಲಿ ದಪ್ಪನೆಯ ಹೊಸ ನೀಲಿ ಬಟ್ಟೆ.

"ಈ ಬಟ್ಟಿ ಎಲ್ಲಿಂದ ತರ್ತಿ ತಬಸ್ಸುಮ್?" ಎಂದೆ.

ಅವಳು ಯರ್ರಿಸ್ವಾಮಿಯ ಅಂಗಡಿಯ ಕಡೆ ಒಮ್ಮೆ ನೋಡಿ, "ಸಿಗ್ತಾವ್ರಿ ಅಕ್ಕಾ" ಎಂದಳು. ಅಷ್ಟೇ.

ಸಿಗ್ತಾವಂತೆ! ನೇರವಾಗಿ ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಬರದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಅದೇ ವಾರ ಮೈಸೂರಿನಿಂದ ಬಂದ ಒಬ್ಬಾಕೆ ಕೌದಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇಂಥದ್ದೇ ಜೈಪುರದಲ್ಲಿ ನೋಡಿದ್ದೆ" ಎಂದು ವಾಪಸ್ಸಿಟ್ಟು ಹೋದಳು. ಆ ದಿನದಿಂದ ಹೊಲಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡತೊಡಗಿದೆ. ನೋಡಿದಷ್ಟೂ ಅದು ಒಂದೇ ಸಮ ಕಾಣುತ್ತಿತ್ತು. ಕೈಹೊಲಿಗೆ ಇಷ್ಟು ನೇರವಾಗಿ ಬರುವುದುಂಟೇ?

ಯರ್ರಿಸ್ವಾಮಿ ಇಂಥದ್ದಕ್ಕೇ ಕಾದಿದ್ದನೇನೋ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ, "ಅಕ್ಕಾ, ನಮಗ್ಯಾಕ ಬಿಡು. ಆದ್ರ ಆ ತಬಸ್ಸುಮ್ ಗಂಡ ಮುಜೀಬ ಅದಾನಲ್ಲ, ಮೆಕಾನಿಕ್ಕು, ಅವ ಸ್ಟೇಷನ್ನಿನಾಗ ರೈಲಿಂದ ಗಂಟು ಇಳಿಸ್ಕೊಳ್ಳಾಕತ್ತಿದ್ದ. ಚೀಲದ ಮ್ಯಾಲೆಲ್ಲಾ ಇಂಗ್ಲಿಷ್" ಎಂದ.

"ಮುಚ್ಚಲೇ ಬಾಯಿ. ನಿನಗ ನಮ್ಮ ಮಳಿಗಿ ಬೇಕಾಗೈತಿ" ಎಂದು ಬೈದೆ. ಅವನನ್ನು ನಾನೇಕೆ ನಂಬಲಿ? ಅವನು ಸುಳ್ಳುಗಾರ ಎಂದು ಸಾಬೀತು ಮಾಡಲೆಂದೇ ಮರುದಿನ ಸ್ಟೇಷನ್ನಿಗೆ ಹೋಗಿ ಚಹಾದ ಗೂಡಂಗಡಿಯ ಹಿಂದೆ ಸೆರಗು ಹೊದ್ದು ನಿಂತೆ. ರೈಲು ಬಂತು. ಮುಜೀಬ ಬಂದ. ಬಿಳೀ ಚೀಲಗಳನ್ನು ಇಳಿಸಿಕೊಂಡು ತನ್ನ ಮೊಪೆಡ್ಡಿಗೆ ಹಗ್ಗ ಹಾಕಿ ಕಟ್ಟಿದ. ಮೇಲೆ ಇಂಗ್ಲಿಷ್ ಅಕ್ಷರ. ಯರ್ರಿಸ್ವಾಮಿ ನಿಜ ಹೇಳಿದ್ದಕ್ಕೆ ನನಗೆ ಇನ್ನಷ್ಟು ಮೈ ಉರಿಯಿತು.

ಶನಿವಾರ ಬೆಳಿಗ್ಗೆ ಫೋನು ಬಂತು. ಸೋಮವಾರ ಇಲಾಖೆಯ ಸಾಹೇಬರು ಮಳಿಗೆಯ ತಪಾಸಣೆಗೆ ಬರುತ್ತಾರಂತೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಾಹೇಬರು ಹಿಡಿಯುವ ಮೊದಲು ನಾನೇ ಹಿಡಿಯಬೇಕು. ಹಿಡಿಯುವುದಕ್ಕೆ ನನಗೊಂದು ಉಪಾಯ ಗೊತ್ತಿತ್ತು.

ನಮ್ಮ ಕಡೆ ಕೌದಿಯನ್ನು ಅಂಚಿನಿಂದ ಹೊಲಿಯುತ್ತಾ ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ಕೊನೆಗೆ ನಟ್ಟನಡುವೆ ಅಂಗೈಯಗಲದ ಬಾಯಿ ಉಳಿಯುತ್ತದೆ. ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ. ಅದರೊಳಗೆ ಒಂದು ಚಿಟಿಕೆ ಜೋಳ ಹಾಕಿ, ಮೇಲೊಂದು ಬಟ್ಟೆ ತುಂಡಿಟ್ಟು ಹೊಲಿದು ಮುಚ್ಚುತ್ತಾರೆ. ಹಸಿದ ಕೌದಿಯನ್ನು ಮನೆಯಲ್ಲಿ ಹೊದೆಯಬಾರದು. ನನ್ನ ತವರಿನ ಕೌದಿಗಳ ನಡುವೆ ಬೆರಳಾಡಿಸಿದರೆ ಕಾಳು ಸಿಗುತ್ತಿದ್ದವು. ಚಿಕ್ಕವಳಿದ್ದಾಗ ಅವನ್ನೇ ಹಿಸುಕುತ್ತಾ ನಿದ್ದೆ ಹೋಗುತ್ತಿದ್ದೆ. ನಮ್ಮವರು ಹೊಲಿದದ್ದಾದರೆ ಹೊಟ್ಟೆಯಲ್ಲಿ ಕಾಳಿರಲೇಬೇಕು. ಇಲ್ಲವೆಂದರೆ ಅದು ಎಲ್ಲಿಯದೋ ಮಾಲು. ಇದಕ್ಕಿಂತ ಸಾಕ್ಷಿ ಬೇಕೇ?

ಕತ್ತರಿ ತೆಗೆದುಕೊಂಡೆ. ಸುಕನ್ಯಾ ಹತ್ತಿರವೇ ಇದ್ದಳು. "ಬ್ಯಾಡಕ್ಕಾ, ಕೌದಿ ಹೊಟ್ಟಿ ಬಿಚ್ಚಬಾರದಂತ" ಎಂದಳು. ನಾನು ಬಿಚ್ಚಿದೆ. ನಡುವಿನ ತುಂಡೆತ್ತಿ, ಎರಡು ಬೆರಳು ತೂರಿಸಿ ನೋಡಿದೆ. ಒಂದು ಕಾಳಿಲ್ಲ. ಇನ್ನೊಂದು ಬಿಚ್ಚಿದೆ, ಅದರಲ್ಲೂ ಇಲ್ಲ. ನನಗೆ ಒಂದು ಕ್ಷಣ ಗೆದ್ದಂತಾಯಿತು, ಮರುಕ್ಷಣ ಅಳು ಬಂದಂತಾಯಿತು.

ತಬಸ್ಸುಮ್ ಗ್ರಹಚಾರ, ಅದೇ ಹೊತ್ತಿಗೆ ಗಂಟು ಹೊತ್ತು ಗೇಟಿನೊಳಗೆ ಬಂದಳು. ಶನಿವಾರದ ಜನ ತುಂಬಿದ್ದರು. ನಾನು ಬಿಚ್ಚಿದ ಕೌದಿಯನ್ನು ಅವಳ ಮುಖದ ಮುಂದೆ ಹಿಡಿದೆ.

"ಎಲ್ಲೈತಿ ಕಾಳು? ತೋರ್ಸು! ರೈಲಿನಾಗ ಮಾಲು ತರ್ಸಿ, ನಮ್ಮೂರಿಂದು ಅಂತ ಹೇಳಿ ನಮ್ಮ ಕಣ್ಣಿಗೆ ಮಣ್ಣು ಹಾಕಾಕತ್ತಿಯೇನು? ಇವು ಇಲ್ಲೀವಲ್ಲ! ನೋಡ್ರಿ ಎಲ್ರೂ, ಇವು ಹೊರಗಿನ ಮಾಲು!"

ನನ್ನ ಗಂಟಲು ಮೊದಲೇ ದೊಡ್ಡದು. ಕೆರೆಯ ದಂಡೆಯಲ್ಲಿ ದುರ್ಬೀನು ಹಿಡಿದಿದ್ದವರೂ ತಿರುಗಿ ನೋಡಿದರು. ಕೌದಿ ಕೈಯಲ್ಲಿ ಹಿಡಿದಿದ್ದ ಇಬ್ಬರು ಹೆಂಗಸರು ಅದನ್ನು ಮೆಲ್ಲಗೆ ಕೆಳಗಿಟ್ಟರು. "ಹಂಗಾ? ನನಗ ಮೊದ್ಲ ಅನುಮಾನ ಇತ್ತು" ಎಂದು ಯಾರೋ ಅಂದರು. ಯರ್ರಿಸ್ವಾಮಿ ಫೋನು ಮೇಲೆತ್ತಿ ಹಿಡಿದಿದ್ದ. ತಬಸ್ಸುಮ್ ತಲೆಯ ಮೇಲಿನ ಗಂಟನ್ನು ಕೆಳಗೂ ಇಳಿಸಲಿಲ್ಲ. "ಮನಿಗೆ ಬಂದು ನೋಡ್ರಿ ಅಕ್ಕಾ" ಎಂದಳು. ಅಷ್ಟಂದು ಬಂದ ದಾರಿಯಲ್ಲೇ ಹೋದಳು.

ಮನೆಗೆ ಬಾ ಎಂದು ಕರೆಯುವವರು ಎಲ್ಲವನ್ನೂ ಬಚ್ಚಿಟ್ಟ ಮೇಲೇ ಕರೆಯುತ್ತಾರೆ ಎಂದುಕೊಂಡೆ. ಆದ್ದರಿಂದ ಹೇಳದೆ ಕೇಳದೆ ಭಾನುವಾರ ಮೊದಲನೇ ಬಸ್ಸಿಗೇ ಹಂಪಸಾಗರಕ್ಕೆ ಹೊರಟೆ. ಕ್ಷಮೆ ಕೇಳಲು ಹೊರಟಿದ್ದೆ ಎಂದು ಯಾರೂ ತಿಳಿಯಬೇಡಿ. ಚೀಲಗಳ ಸಮೇತ ಹಿಡಿಯಲು ಹೊರಟಿದ್ದೆ.

ಬಾಗಿಲು ಹಾರು ಹೊಡೆದಿತ್ತು. ಒಳಗೆ ಪಡಸಾಲೆಯ ತುಂಬ ಹೆಂಗಸರು. ಅವರ ಓಣಿಯವರು, ಪಕ್ಕದ ಓಣಿಯವರು, ಕುಂಕುಮವಿಟ್ಟವರು, ಬುರ್ಖಾ ಮಡಿಚಿ ಪಕ್ಕಕ್ಕಿಟ್ಟವರು, ಎಲ್ಲರ ತೊಡೆಯ ಮೇಲೂ ಕೌದಿ. ನಾನು ಸ್ಟೇಷನ್ನಿನಲ್ಲಿ ನೋಡಿದ ಬಿಳೀ ಚೀಲ ನಡುವೆ ಬಾಯಿ ತೆರೆದು ಕೂತಿತ್ತು. ಅದರೊಳಗೆ ಇದ್ದದ್ದು ಹೊಲಿದ ಮಾಲಲ್ಲ. ನೀಲಿ ಚಿಂದಿ. ಬೆರಳುದ್ದ, ಗೇಣುದ್ದದ ಚಿಂದಿ.

"ಬಳ್ಳಾರಿ ಜೀನ್ಸ್ ಫ್ಯಾಕ್ಟರಿಯಾಗ ಕತ್ತರಿಸಿ ಒಗದ ಚಿಂದಿ ರೀ" ಎಂದಳು ತಬಸ್ಸುಮ್, ಸೂಜಿಯಿಂದ ಕಣ್ಣೆತ್ತದೆ. "ಅವತ್ತು ಅಂಗಡಿ ಮುಂದ ಹೇಳಿದ್ರ ಯರ್ರಿಸ್ವಾಮಿ ನಾಳೆನೇ ಬಳ್ಳಾರಿಗೆ ಹೋಗಿ ಚಿಂದಿಗೂ ರೇಟು ಏರಿಸ್ತಿದ್ದ. ಅದಕ್ಕ ಹೇಳ್ಲಿಲ್ಲ. ಒಬ್ಬಾಕಿ ಕೈಲಿ ಆಗ್ಲಿಲ್ಲ, ಇವ್ರನ್ನೆಲ್ಲ ಸೇರಿಸ್ಕೊಂಡೆ."

ನನ್ನ ಬಾಯಿ ಇನ್ನೂ ಸೋತಿರಲಿಲ್ಲ. "ಸರಿ, ಮತ್ತ ಹೊಟ್ಟ್ಯಾಗ ಕಾಳು ಯಾಕಿಲ್ಲ?" ಎಂದು ಕೇಳಿದೆ.

ಗೋಡೆಗೊರಗಿ ಕೂತಿದ್ದ ಅವಳ ಅತ್ತೆ ಮುಮ್ತಾಜ್ ಬೇಗಂ ನಕ್ಕುಬಿಟ್ಟರು. ನಾಲ್ಕು ತಾಲೂಕು ತಿರುಗಿ ಮನೆ ಮನೆಯಲ್ಲಿ ಕೂತು ಕೌದಿ ಹೊಲಿದ ಹೆಂಗಸು.

"ಏನವ್ವಾ ನೀನು! ಹೊಟ್ಟಿ ತುಂಬ್ಸೋರು ಯಾರು? ಹೊಲಿಯೋರಾ? ಹೊದಿಯೋ ಮನಿಯಾಕಿ ತುಂಬ್ಸಬೇಕು. ನಿಮ್ಮವ್ವನ ಮನ್ಯಾಗ ಹೊಲಿಯೋರು ಕೊನಿಗೆ ಏನಂತ ಕೂಗ್ತಿದ್ರು, ನೆನಪು ಮಾಡ್ಕೊ."

ನೆನಪಾಯಿತು. 'ಯವ್ವಾ, ಹೊಟ್ಟಿ ತುಂಬ್ಸು ಬಾ' ಎಂದು ಅಂಗಳದಿಂದ ಕೂಗುತ್ತಿದ್ದರು. ಅವ್ವ ಒಲೆಯ ಮುಂದಿನಿಂದ ಎದ್ದು ಅಂಗೈಯಲ್ಲಿ ಜೋಳ ಹಿಡಿದು ಹೋಗುತ್ತಿದ್ದಳು. ಹೊಲಿಯುವವರು ಬಾಯಿ ಅಗಲಿಸಿ ಹಿಡಿದರೆ, ಅವ್ವ ಹಾಕುತ್ತಿದ್ದಳು. ಕಾಳಿನ ನೆನಪು ಮಾತ್ರ ನನಗುಳಿದಿತ್ತು, ಹಾಕಿದ ಕೈ ಯಾರದೆಂಬುದು ಮರೆತೇ ಹೋಗಿತ್ತು.

"ನಾನು ಕಾಳು ಹಾಕಿದ್ರ ಅದು ನಮ್ಮ ಮನಿ ಕೌದಿ ಆಗ್ತೈತಿ, ಮಾರಂಗಿಲ್ಲ" ಎಂದರು ಮುಮ್ತಾಜ್ ಬೇಗಂ. "ಕೊಂಡ್ಕೊಳ್ಳೋರು ಯಾವೂರೋ ಏನೋ. ಹೊಟ್ಟಿ ತುಂಬ್ಸು ಅಂತ ಅವ್ರಿಗೆ ಹೇಳೋರು ಯಾರು? ಬರೇ ಹೊಟ್ಟೀಲೆ ಮುಚ್ಚಾಕ ನನಗೂ ಮನಸ್ಸಿಲ್ಲ, ಏನು ಮಾಡ್ಲಿ. ಆದ್ರ ಒಂದು ಕೇಳ್ತೀನಿ, ನೀ ಕತ್ತರಿ ಹಾಕಿದಾಗ ನಡುವ ಬಾಯಿ ಇತ್ತಲ್ಲ? ಮಿಷನ್ನಿನಾಗ ಹೊಲಿದ ಕೌದಿಗೆ ಹೊಟ್ಟಿ ಎಲ್ಲಿರ್ತೈತಿ?"

ನಾನು ಹುಡುಕುತ್ತಿದ್ದ ಸಾಕ್ಷಿಯನ್ನು ನಾನೇ ಕತ್ತರಿಸಿ ಹಾಕಿದ್ದೆ. "ತಪ್ಪಾತು. ನಾಳಿ ಸಾಹೇಬ್ರು ಬರ್ತಾರ. ಎಲ್ಲಾ ಕೌದಿ ತಗೊಂಡು ಬಾ ತಬಸ್ಸುಮ್, ನಿಮ್ಮ ಜಾಗ ನಿಮಗೇ ಐತಿ" ಎಂದೆ.

ತಬಸ್ಸುಮ್ ಆಗ ಮೊದಲ ಸಲ ನನ್ನನ್ನು ನೋಡಿದಳು. "ಸುಕನ್ಯಾನ ಚೀಲಾನೂ ಬಿಚ್ಚಿ ನೋಡಿದ್ರೇನ್ರಿ?"

ಸುಕನ್ಯಾ ನಮ್ಮ ಓಣಿಯವಳಲ್ಲವೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನಾಲಿಗೆ ಕಚ್ಚಿಕೊಂಡೆ. ಪಡಸಾಲೆಯಲ್ಲಿ ಎಲ್ಲರ ಸೂಜಿಯೂ ನಿಂತಿತ್ತು.

"ಎಲ್ರ ಮುಂದ ಕೂಗಿದ್ರಿ. ಎಲ್ರ ಮುಂದ ಹೇಳ್ರಿ. ಹಂಗಿದ್ರ ಬರ್ತೀನಿ" ಎಂದಳು.

"ಹೇಳ್ತೀನಿ" ಎಂದೆ. ನನ್ನ ಜನ್ಮದಲ್ಲಿ ನಾನು ಯಾರಿಗೂ ತಲೆ ತಗ್ಗಿಸಿದವಳಲ್ಲ. ಆದರೂ ಹೇಳುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಸ್ಸು ಹತ್ತಿದೆ.

ಸೋಮವಾರ ತಬಸ್ಸುಮ್ ಕೌದಿಗಳ ಗಂಟು ಹೊತ್ತು ಬಂದಳು, ಸಾಹೇಬರೂ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. ಸುಕನ್ಯಾಳ ಚೀಲಗಳನ್ನು ಎತ್ತಿ ನೋಡಿ "ಚೆನ್ನಾಗಿವೆ" ಎಂದು ಇಟ್ಟರು. ಅವರೂ ಬಿಚ್ಚಿ ನೋಡಲಿಲ್ಲ. ಕೌದಿಯ ಹತ್ತಿರ ಬಂದವರು ಜೇಬಿನಿಂದ ಫೋನು ತೆಗೆದರು. ಒತ್ತಿದ ಕೂಡಲೇ ನನ್ನದೇ ಗಂಟಲು: 'ಇವು ಇಲ್ಲೀವಲ್ಲ! ನೋಡ್ರಿ ಎಲ್ರೂ, ಇವು ಹೊರಗಿನ ಮಾಲು!' ಯರ್ರಿಸ್ವಾಮಿ ಶನಿವಾರವೇ ಊರೆಲ್ಲ ಕಳಿಸಿದ್ದ.

"ಇದು ನೀವೇ ತಾನೇ ಅಮ್ಮಾ?" ಎಂದರು ಸಾಹೇಬರು.

"ಹೌದ್ರಿ, ನಾನೇ. ನಾ ಅಂದಿದ್ದು ಸುಳ್ಳು!" ಎಂದೆ. ಮೆತ್ತಗೆ ಅನ್ನಲಿಲ್ಲ. ಶನಿವಾರ ಎಷ್ಟು ಜೋರಾಗಿ ಕೂಗಿದ್ದೆನೋ ಅಷ್ಟೇ ಜೋರಾಗಿ, ಗೇಟಿನ ಹೊರಗಿನವರಿಗೂ ಕೇಳುವಂತೆ ಕೂಗಿದೆ. "ನನಗ ತಿಳೀದ ಬಾಯಿ ಬಿಟ್ಟೆ. ಈ ಕೌದಿ ಹಂಪಸಾಗರದ್ದು. ನಾನು ಕಣ್ಣಾರೆ ನೋಡೀನಿ. ತಬಸ್ಸುಮ್ ಮೋಸ ಮಾಡಿಲ್ಲ, ನಾನು ಆಕಿ ಮರ್ಯಾದಿ ಕಳದೀನಿ. ತಪ್ಪು ನಂದು!"

ಜನ ನಿಂತರು, ನೋಡಿದರು. ಹೊಟ್ಟೆಯ ವಿಷಯ, ಕಾಳಿನ ವಿಷಯ, ಬಳ್ಳಾರಿಯ ಚಿಂದಿಯ ವಿಷಯ ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ಸಾಹೇಬರ ಮುಖದಲ್ಲಿ ಒಂದು ಸಣ್ಣ ನಗು ಕಾಣಿಸಿಕೊಂಡಿತು. ಆ ನಗು ನನಗೆ ಚೆನ್ನಾಗಿ ಗೊತ್ತು. ತರಕಾರಿಯವನ ಮುಂದೆ ನಾನೂ ಹಾಗೆಯೇ ನಗುತ್ತೇನೆ.

"ಶನಿವಾರ ಹೊರಗಿನದು ಅಂದ್ರಿ, ತಪಾಸಣೆಯ ದಿನ ಒಳಗಿನದು ಅಂತೀರಿ. ಮಳಿಗೆ ಹೋಗುತ್ತೆ ಅಂದ ಮೇಲೆ ಯಾರಾದರೂ ಹೀಗೇ ಹೇಳ್ತಾರೆ" ಎಂದರು.

"ಹಂಪಸಾಗರಕ್ಕ ಬಂದು ನೋಡ್ರಿ ಸಾಹೇಬ್ರ! ಈಗ್ಲೇ ಹೋಗೋಣ!"

"ನಾವು ಬರ್ತೀವಿ ಅಂತ ಗೊತ್ತಾದ ಮೇಲೆ ಅಲ್ಲಿ ಹೆಂಗಸರು ಸೂಜಿ ಹಿಡಿದು ಕೂತಿರ್ತಾರೆ ಬಿಡಿ."

ನಿನ್ನೆ ಬಸ್ಸು ಹತ್ತುವಾಗ ನಾನೂ ಇದನ್ನೇ ಅಂದುಕೊಂಡಿದ್ದೆ. ಸಾಹೇಬರು ಮಳಿಗೆಯ ಬಾಗಿಲು ಎಳೆದು ಬೀಗ ಹಾಕಿಸಿದರು. ಇನ್ನು ಟೆಂಡರು. ಮೈದುನನ ಮನೆಯ ಆ ಮೂಲೆ ಕಣ್ಣ ಮುಂದೆ ಬಂತು. ಯರ್ರಿಸ್ವಾಮಿ ಅಷ್ಟರಲ್ಲೇ ತಬಸ್ಸುಮ್ ಹತ್ತಿರ ಹೋಗಿ, "ತಂಗಿ, ಇವನ್ನ ನನಗ ಕೊಡು. ಜೈಪುರದ್ದು ಅಂತ ಹೇಳಿ ಮಾರ್ತೀನಿ, ತಟ್ಟಂತ ಹೋಗ್ತಾವ" ಎನ್ನುತ್ತಿದ್ದ. ಅವಳು ಕೌದಿಗಳನ್ನು ಒಂದರ ಮೇಲೊಂದು ಮಡಿಚಿ ಗಂಟು ಕಟ್ಟಿದಳು.

ಬಸ್ ನಿಲ್ದಾಣದವರೆಗೆ ನಾನೂ ಅವಳ ಜೊತೆ ನಡೆದೆ. "ನಾನು ಹೇಳಿದ್ನಲ್ಲವಾ, ಎಲ್ರ ಮುಂದ" ಎಂದೆ.

"ಹೇಳಿದ್ರಿ ಅಕ್ಕಾ. ನಮ್ಮತ್ತಿಗೆ ಹೋಗಿ ಹೇಳ್ತೀನಿ" ಎಂದಳು. ಬಸ್ಸು ತಿರುವಿನಲ್ಲಿ ಕಂಡಿತು. ಅವಳು ಗಂಟನ್ನು ತಲೆಗೇರಿಸಿಕೊಂಡು ನನ್ನ ಕಡೆ ತಿರುಗಿದಳು. "ಇವತ್ತ ನೀವು ಅಷ್ಟ್ಹೊತ್ತು ಕೂಗಿದ್ರಿ, ಯಾರೂ ನಂಬ್ಲಿಲ್ಲ. ಶನಿವಾರ ಒಂದ ಸಲ ಕೂಗಿದ್ದಕ್ಕ ಎಲ್ರೂ ನಂಬಿದ್ರಲ್ರಿ, ಅದು ಹೆಂಗ?"

ಶನಿವಾರ ಸುಕನ್ಯಾಳ ಹೆಸರು ಹಿಡಿದು ಕೂಗಿದ್ದರೆ ಯಾರೂ ನಂಬುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಬಸ್ಸು ನಿಂತಿತು, ಅವಳು ಹತ್ತಿದಳು.